ಬಾಗಿಲ ಹೊರಗಿನ ಅತ್ತೆಯರು

ಬಸುರಿಯರ ಕೂಟ ನಡೆಯುವಾಗ ಅತ್ತೆಯರು ಹೊರಗೆ ಕೂರಬೇಕೆಂದು ನಿಯಮ ಮಾಡಿದವಳು ಡಾಕ್ಟರ್ ಅಮಿತಾಳೇ. ಅದು ಅವಳ ತಲೆಯಿಂದ ಹುಟ್ಟಿದ್ದಲ್ಲ, ಬೆಂಗಳೂರಿನಲ್ಲಿ ಒಂದು ವಾರ ತರಬೇತಿ ಕೊಟ್ಟ ಹೊರದೇಶದವರ ಕೈಪಿಡಿಯಲ್ಲಿ ಇದ್ದದ್ದು. ಆದರೂ ಅದನ್ನು ಅಂಕೋಲೆಯ ಕಡಲಂಚಿನ ಆ ಸಣ್ಣ ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದು, ಬಾಗಿಲಲ್ಲಿ ನಿಂತು, ಒಬ್ಬೊಬ್ಬ ಹೆಂಗಸನ್ನೇ ವರಾಂಡಕ್ಕೆ ಕಳಿಸಿದವಳು ಅವಳು.

ಎರಡು ಸಾವಿರದ ಏಳನೆಯ ಇಸವಿ. ಅಮಿತಾ ಕಾರವಾರದ ಹತ್ತಿರದ ಸದಾಶಿವಗಡದವಳು, ಕೆಲಸಕ್ಕೆ ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಗುರುವಾರ ಬಂತೆಂದರೆ ಬಸುರಿಯರು ಗೋಡೆಗೆ ಒರಗಿ ಸಾಲು ನಿಲ್ಲುತ್ತಿದ್ದರು. ಹೊಟ್ಟೆ ಮುಟ್ಟಿ ನೋಡಿ, ಕಬ್ಬಿಣದ ಮಾತ್ರೆ ಕೈಗಿಟ್ಟರೆ ಮುಗಿಯಿತು, ಮುಂದಿನವಳು. ಈ ಎರಡು ವರ್ಷದಲ್ಲಿ ಒಬ್ಬಳೂ ಅವಳನ್ನು ತಾನಾಗಿ ಒಂದು ಪ್ರಶ್ನೆ ಕೇಳಿರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಆ ಹೊಸ ಪದ್ಧತಿಯ ಚಿತ್ರಗಳನ್ನು ನೋಡಿದಾಗ ಅವಳ ಮನಸ್ಸು ಹಾರಿತ್ತು. ಒಂದೇ ಸುಮಾರಿಗೆ ಹೆರುವ ಹತ್ತು ಹನ್ನೆರಡು ಹೆಂಗಸರು ದುಂಡಗೆ ಕೂರುತ್ತಾರೆ. ತಮ್ಮ ತೂಕ, ತಮ್ಮ ಬಿಪಿ ತಾವೇ ನೋಡಿಕೊಳ್ಳುತ್ತಾರೆ. ಪರದೆಯ ಹಿಂದೆ ಒಬ್ಬೊಬ್ಬರ ಹೊಟ್ಟೆ ಪರೀಕ್ಷೆ ಆದಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ಡಾಕ್ಟರು ಎಲ್ಲರಿಗಿಂತ ಕಡಿಮೆ ಮಾತಾಡಬೇಕು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು.

ತಾಲೂಕಿನ ಅಧಿಕಾರಿಗಳು ಬೇಡವೆನ್ನಲಿಲ್ಲ. ಗುರುವಾರದ ಕೆಲಸ ಕೆಡದ ಹಾಗೆ ನೋಡಿಕೊಂಡು ಏನು ಬೇಕಾದರೂ ಮಾಡಿಕೊಳ್ಳಿ ಎಂದರು. ಅಮಿತಾ ತಿಂಗಳಿಗೊಂದು ಮಂಗಳವಾರ ಆರಿಸಿದಳು. ಮೊದಲ ದಿನದಿಂದಲೇ ಒಂದೊಂದೇ ಸಂಗತಿ ಕೈಪಿಡಿಗೆ ಹೊಂದದೆ ಹೋಯಿತು. ಬೆಳಿಗ್ಗೆ ಕರೆದರೆ ಮೀನುಗಾರರ ಮನೆಯವರು ಬರಲಿಲ್ಲ, ಪೇಟೆಯಲ್ಲಿ ಮೀನು ಮಾರಿ ಮುಗಿಯದೆ ಅವರ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹೊತ್ತನ್ನು ಮಧ್ಯಾಹ್ನಕ್ಕೆ ಹಾಕಿದ್ದಾಯಿತು. ಕುರ್ಚಿ ತೆಗೆದು ಚಾಪೆ ಹಾಸಿದ್ದಾಯಿತು. ತರಬೇತಿ ಕೊಟ್ಟವರ ದೇಶದಲ್ಲಿ ಗಂಡಂದಿರು ಜೊತೆಗೆ ಬರುತ್ತಿದ್ದರಂತೆ, ಇಲ್ಲಿ ಬಂದವರು ಅತ್ತೆಯರು. ಬಂದವರು ಸುಮ್ಮನೆ ಕೂರಲಿಲ್ಲ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಸೊಸೆಯನ್ನು ಕೇಳಿದರೆ, ಚೆನ್ನಾಗಿ ಬತ್ತದೆ ಎಂದು ಅತ್ತೆ ಹೇಳುತ್ತಿದ್ದಳು. ಹೊಟ್ಟೆ ತುಂಬ ಉಣ್ಣುತ್ತೀಯಾ ಎಂದರೆ ಅದಕ್ಕೂ ಅತ್ತೆಯದೇ ಉತ್ತರ.

ಎರಡನೆಯ ಕೂಟದಿಂದ ಅಮಿತಾ ಬಾಗಿಲು ಹಾಕಿದಳು.

ಹಾಕಿದ್ದು ಫಲಿಸಿತು ಎಂದೇ ಅವಳಿಗೆ ಅನಿಸಿತ್ತು. ಆ ದಿನ ಸೊಸೆಯಂದಿರು ಮೊದಲು ಪಿಸುಗುಟ್ಟಿದರು, ಆಮೇಲೆ ನಕ್ಕರು. ಕಾಶಿ ಎಂಬ ರೈತರ ಮನೆಯ ಹೆಂಗಸಿಗೆ ಇದು ಮೂರನೆಯ ಬಸುರು. ಮನೆಯಲ್ಲಿ ಕೊನೆಗೆ ಉಣ್ಣುವವಳು ತಾನೇ, ಅಷ್ಟು ಹೊತ್ತಿಗೆ ಮಡಕೆಯಲ್ಲಿ ಸಾರು ಮಾತ್ರ ಉಳಿದಿರುತ್ತದೆ ಎಂದು ಅವಳು ಹೇಳಿದಳು. ಅದನ್ನು ಕೇಳಿ ಮೂಲೆಯಲ್ಲಿ ಕೂತಿದ್ದ ಚಂದನಾ ಮೊದಲ ಸಲ ತಲೆಯೆತ್ತಿದಳು. ಮೀನುಗಾರರ ಮನೆಗೆ ಹೊಸದಾಗಿ ಬಂದ ಹುಡುಗಿ, ಚೊಚ್ಚಲು. ಗಂಡ ರೂಪೇಶ ದೊಡ್ಡ ದೋಣಿಯಲ್ಲಿ ಹೋದರೆ ದಿನಗಟ್ಟಲೆ ಮನೆಗಿಲ್ಲ. ಅತ್ತೆ ಗೋದಾವರಿ ಅಂಕೋಲೆಯ ಪೇಟೆಯಲ್ಲಿ ಬಂಗಡೆ ಮೀನು ಮಾರುವವಳು. ಅವಳು ಬಾಯಿ ತೆರೆದರೆ ಗಿರಾಕಿಗಳೇ ಹಿಂದೆ ಸರಿಯುತ್ತಿದ್ದರು.

ಆ ಗೋದಾವರಿ ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಉಳಿದ ಅತ್ತೆಯರು ಒಬ್ಬೊಬ್ಬರೇ ಮನೆಗೆ ಹೋದರೂ ಅವಳು ಏಳಲಿಲ್ಲ. ಒಮ್ಮೆ ಅವಳ ಕಣ್ಣೂ ಅಮಿತಾಳ ಕಣ್ಣೂ ಕೂಡಿದವು. ಅಮಿತಾ ಕಿಟಕಿಯ ಪರದೆ ಎಳೆದಳು.

ನಾಲ್ಕನೆಯ ಕೂಟದ ಹೊತ್ತಿಗೆ ಮಳೆಗಾಲ ಕಳೆದು ದೋಣಿಗಳು ದೂರ ಹೋಗತೊಡಗಿದ್ದವು. ಚಂದನಾಳಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಬಿಪಿ ನೋಡುವ ಪಟ್ಟಿಯನ್ನು ಕಾಶಿ ಅವಳ ತೋಳಿಗೆ ಸುತ್ತಿ ಗುಂಡಿ ಒತ್ತಿದಳು. ಅಂಕಿ ನೋಡಿದವಳು ಪಟ್ಟಿ ಬಿಚ್ಚಿ, ಸರಿಯಾಗಿ ಕಟ್ಟಿ, ಮತ್ತೊಮ್ಮೆ ಒತ್ತಿದಳು. ಮೇಲಿನದು ನೂರೈವತ್ತು ದಾಟಿತ್ತು. ಅವಳು ಅದನ್ನು ಡಾಕ್ಟರಿಗೆ ತೋರಿಸಿದಳು.

ಪರದೆಯ ಹಿಂದೆ ಅಮಿತಾ ತಾನೇ ಪರೀಕ್ಷೆ ಮಾಡಿದಳು. ಕಾಲಿನ ಬಾವು ಒತ್ತಿದರೆ ಕುಳಿ ಬೀಳುತ್ತಿತ್ತು. ಬಳೆ ಕೈಗೆ ಬಿಗಿದಿತ್ತು. ನರ್ಸ್ ಜಾನಕಿ ಮೂತ್ರ ಕಾಯಿಸಿ ನೋಡಿದಳು, ನಳಿಕೆಯಲ್ಲಿ ಬಿಳಿ ಗಸಿ ಕಟ್ಟಿತು. ಗರ್ಭನಂಜು, ತಡವಾದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಇವತ್ತೇ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಅತ್ತೆಯನ್ನು ಕರೆಯುತ್ತೇನೆ ಎಂದಳು ಅಮಿತಾ.

ಚಂದನಾ ಅವಳ ಕೈ ಹಿಡಿದುಕೊಂಡಳು. "ಅತ್ತೆಗೆ ಹೇಳ್ಬೇಡಿ, ಡಾಕ್ಟ್ರಬಾಯಿ. ಇಲ್ಲಿ ಹೇಳಿದ್ದು ಹೊರಗೆ ಹೋಗೂದಿಲ್ಲ ಅಂತ ನೀವೇ ಹೇಳಿದ್ರಿ."

ಅವಳ ನಾದಿನಿ, ಗೋದಾವರಿಯ ಮಗಳು ಶೇವಂತಿ, ನಾಲ್ಕು ವರ್ಷದ ಹಿಂದೆ ಹೆರಿಗೆಗೆಂದು ದೂರದ ಒಂದು ದೊಡ್ಡ ಆಸ್ಪತ್ರೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ದೊಡ್ಡ ಆಸ್ಪತ್ರೆಯ ಹೆಸರು ಎತ್ತುವ ಹಾಗಿರಲಿಲ್ಲ. ನಾಳೆ ರೂಪೇಶ ಬರುತ್ತಾನೆ, ಅವನೇ ಕಾರವಾರಕ್ಕೆ ಕರೆದುಕೊಂಡು ಹೋಗುತ್ತಾನೆ, ಅಲ್ಲಿಯವರೆಗೆ ಒಂದು ಮಾತು ಆಡಬೇಡಿ ಎಂದು ಚಂದನಾ ಬೇಡಿಕೊಂಡಳು.

ಅಮಿತಾಳಿಗೆ ಇದು ಸರಿಯಲ್ಲ ಎಂದು ಗೊತ್ತಿತ್ತು. ಆದರೆ ಮೂರು ತಿಂಗಳು ಹೆಣಗಾಡಿ ಕಟ್ಟಿದ ವಿಶ್ವಾಸ ಆ ಒಂದು ಮಾತಿನ ಮೇಲೆ ನಿಂತಿತ್ತು. ಇವತ್ತು ಮಾತು ಮುರಿದರೆ ನಾಳೆಯಿಂದ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ. ಬಿಪಿ ಇಳಿಸುವ ಮಾತ್ರೆ ಕೊಟ್ಟಳು. ನಾಳೆ ಖಂಡಿತ ಎಂದು ಎರಡು ಸಲ ಹೇಳಿಸಿಕೊಂಡಳು. ಹೊರಗೆ ಮೆಟ್ಟಿಲ ಮೇಲಿಂದ ಎದ್ದ ಗೋದಾವರಿ ಸೊಸೆಯ ಮುಖವನ್ನೊಮ್ಮೆ, ಡಾಕ್ಟರ ಮುಖವನ್ನೊಮ್ಮೆ ನೋಡಿದಳು. ಎಲ್ಲ ಸರಿ ಇದೆಯಾ ಎಂದು ಕೇಳಿದಳು. ಸರಿ ಇದೆ ಎಂದಳು ಚಂದನಾ. ಅಮಿತಾ ಸುಮ್ಮನಿದ್ದಳು.

ಮಾರನೆಯ ದಿನ ಗಾಳಿ ಎದ್ದು ದೋಣಿ ಬರಲಿಲ್ಲ. ರೂಪೇಶನ ಮೊಬೈಲು ಹತ್ತಲಿಲ್ಲ. ಅಮಿತಾ ಕಾರವಾರಕ್ಕೆ ಫೋನು ಮಾಡಿ ಅಂಥವಳು ಯಾರೂ ಬಂದಿಲ್ಲವೆಂದು ತಿಳಿದುಕೊಂಡಳು. ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಆರೋಗ್ಯ ಕೇಂದ್ರದ ಜೀಪು ತೆಗೆದುಕೊಂಡು ತಾನೇ ಹೋಗಿಬಿಡೋಣ ಎಂದುಕೊಂಡರೆ, ಪೋಲಿಯೋ ಸಭೆಗೆಂದು ಜೀಪನ್ನು ತಾಲೂಕಿನವರು ಆಗಲೇ ಕರೆಸಿಕೊಂಡಿದ್ದರು. ಅವಳು ಜಾನಕಿಗೆ ರೋಗಿಗಳನ್ನು ವಹಿಸಿ ಚೀಲ ಹೆಗಲಿಗೆ ಹಾಕುತ್ತಿರುವಾಗ ಕಾಶಿ ಏದುಸಿರು ಬಿಡುತ್ತ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹರಿವೆ ಸೊಪ್ಪು ಮಾರಲು ಆ ಕೇರಿಗೆ ಹೋಗಿದ್ದಳಂತೆ. ಚಂದನಾ ಒಳಗಿನಿಂದ ಎದ್ದು ಬರಲಾಗದೆ ಗೋಡೆ ತಡವುತ್ತಿದ್ದಳಂತೆ.

"ಅವ್ಳಿಗೆ ಕಣ್ಣು ಸರಿ ಕಾಣೂದಿಲ್ಲ, ಡಾಕ್ಟ್ರಬಾಯಿ. ನನ್ನ ದನಿ ಕೇಳಿ ಗುರ್ತು ಹಿಡದ್ಲು."

ಇಬ್ಬರೂ ಮರಳಿನ ಓಣಿಯಲ್ಲಿ ಆದಷ್ಟು ಬೇಗ ನಡೆದರು. ಬಸುರಿ ಕಾಶಿಗೆ ನೀನು ಇಲ್ಲೇ ಇರು ಎಂದರೂ ಅವಳು ಕೇಳಲಿಲ್ಲ. ನಡೆಯುತ್ತಲೇ ಅಮಿತಾ ಅಂಕೋಲೆಯ ಆಂಬುಲೆನ್ಸಿನವನಿಗೆ ಫೋನು ಮಾಡಿದಳು. ಅವನು ರೋಗಿಯನ್ನು ತುಂಬಿಕೊಂಡು ಹುಬ್ಬಳ್ಳಿಯ ದಾರಿಯಲ್ಲಿದ್ದ.

ಗೋದಾವರಿ ಆಗಷ್ಟೇ ಪೇಟೆಯಿಂದ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಳು. ಡಾಕ್ಟರನ್ನು ಕಂಡು ತಂಬಿಗೆ ಕೆಳಗಿಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಅಮಿತಾ ಬಂದ ಕಾರಣ ಹೇಳತೊಡಗಿದಳು. ಬಿಪಿ, ನಂಜು, ಮೊನ್ನೆಯ ಪರೀಕ್ಷೆ, ಎಲ್ಲ. ಹೇಳುತ್ತ ಹೋದಂತೆ ಗೋದಾವರಿಯ ಮುಖ ಕಲ್ಲಾಗುತ್ತ ಹೋಯಿತು.

"ಮೊನ್ನೆ ನಿಮ್ಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ಇವ್ಳಿಗೆ ಗೊತ್ತಿತ್ತಾ?" ಕಾಶಿಯ ಕಡೆ ಕೈ ಮಾಡಿದಳು. ಕಾಶಿ ತಲೆ ತಗ್ಗಿಸಿದಳು. "ಸೊಪ್ಪು ಮಾರೂಕೆ ಬರೂಳಿಗೆ ಗೊತ್ತದೆ. ಅನ್ನ ಹಾಕೂ ನಂಗೆ ಗೊತ್ತಿಲ್ಲ. ನಿಮ್ಮ ದವಾಖಾನಿ ಮೆಟ್ಲ ಮೇಲೆ ಚಪ್ಪಲಿ ಕಾಯೂಕೆ ಕೂತಂಗೆ ಕೂತಿದ್ದೆ ನಾನು."

  ಮೊದಲು ಅವಳನ್ನು ನೋಡಲು ಬಿಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ ಎಂದಳು ಅಮಿತಾ. ಗೋದಾವರಿ ಬಾಗಿಲಿಂದ ಸರಿಯಲಿಲ್ಲ. ಮಗ ಬರಲಿ, ಅವನ ಹೆಂಡತಿ, ಅವನೇ ಹೇಳಲಿ. ದೊಡ್ಡ ಆಸ್ಪತ್ರೆಗೆ ಒಂದು ಸಲ ಒಂದು ಜೀವ ಕೊಟ್ಟಾಗಿದೆ, ಇನ್ನೊಂದು ಕೊಡುವುದಿಲ್ಲ. ಶೇವಂತಿಯನ್ನು ಒಳಗೆ ಕರೆದುಕೊಂಡು ಹೋದವರು ನನ್ನನ್ನು ಹೊರಗೆ ನಿಲ್ಲಿಸಿದರು, ಬೆಳಗಾಗುವವರೆಗೆ ನಿಂತೇ ಇದ್ದೆ, ಒಳಗೆ ಏನಾಯಿತೆಂದು ಈವರೆಗೂ ಯಾರೂ ಹೇಳಿಲ್ಲ. ಇಷ್ಟನ್ನೂ ಅವಳು ದನಿ ಏರಿಸದೆ ಹೇಳಿದಳು. ಪೇಟೆಯಲ್ಲಿ ಕೂಗುವ ಹೆಂಗಸು ಹಾಗೆ ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಕೇಳಿ ಅಮಿತಾಳಿಗೆ ಹೆಚ್ಚು ಭಯವಾಯಿತು.

ಅಷ್ಟರಲ್ಲಿ ಒಳಗೆ ಏನೋ ಉರುಳಿತು. ಚಂದನಾ ಗೋಡೆ ಹಿಡಿದುಕೊಂಡು ನಡುಮನೆಯವರೆಗೆ ಬಂದಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಒಂದು ಕೈ ಎದೆಯ ಕೆಳಗೆ ಒತ್ತಿಕೊಂಡಿತ್ತು. ಈ ಮನೆಗೆ ಬಂದಂದಿನಿಂದ ಅತ್ತೆ ಕೇಳಿದ್ದಕ್ಕೆ ಹೂಂ ಎಂದದ್ದು ಬಿಟ್ಟರೆ ಎದುರು ನಿಂತು ಒಂದು ಮಾತು ಆಡದ ಹುಡುಗಿ ಅವಳು.

"ಅತ್ತೆ, ನಂಗೆ ನಿಮ್ಮ ಮುಖ ಎರಡಾಗಿ ಕಾಣ್ತದೆ," ಎಂದಳು. "ಹೇಳೂಕೆ ಹೆದ್ರಿಕೆ ಆಯ್ತು. ಈಗ ಅದಕ್ಕಿಂತ ಹೆಚ್ಚಿಗೆ ಹೆದ್ರಿಕೆ ಆಗ್ತದೆ. ಅವ್ರು ಬರೂತನಕ ನಾ ಇರೂದಿಲ್ಲ. ನೀವೇ ನನ್ನ ಕರ್ಕಂಡು ಹೋಗಿ."

 ಗೋದಾವರಿ ಬಾಗಿಲಿಂದ ಸರಿದು ಅಮಿತಾಳಿಗೆ ದಾರಿ ಬಿಟ್ಟಳು. ತಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಓಡಿದಳು.

ಅಮಿತಾ ಬಿಪಿ ನೋಡಿದಳು. ಮೊನ್ನೆಯದಕ್ಕಿಂತ ಬಹಳ ಮೇಲಿತ್ತು. ಚೀಲದಲ್ಲಿದ್ದ ಫಿಟ್ಸ್ ತಡೆಯುವ ಇಂಜೆಕ್ಷನ್ನನ್ನು ಸೊಂಟದ ಎರಡೂ ಬದಿಗೆ ಕೊಟ್ಟಳು. ಕಾಶಿ ಚಂದನಾಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಏನೇನೋ ಮಾತಾಡಿಸುತ್ತಲೇ ಇದ್ದಳು. ವಾಹನದ ಗತಿ ಏನು ಎಂದು ಅಮಿತಾ ಯೋಚಿಸುವಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರನ್ ಕೇಳಿತು. ಗೋವಾಕ್ಕೆ ಮೀನು ಒಯ್ಯಲು ಹೊರಟಿದ್ದ ಮಾಸ್ತಿಯ ಟೆಂಪೋವನ್ನು ಗೋದಾವರಿ ರಸ್ತೆಗೆ ಅಡ್ಡ ನಿಂತು ತಡೆದಿದ್ದಳು. ಐಸಿನ ಪೆಟ್ಟಿಗೆಗಳನ್ನೆಲ್ಲ ಕೇರಿಯ ಹೆಂಗಸರು ರಸ್ತೆಯ ಬದಿಗೆ ಇಳಿಸುತ್ತಿದ್ದರು. ಮಾಸ್ತಿ ಕೆಳಗಿಳಿದು ತಾನೂ ಕೈ ಹಾಕಿದ. ಒದ್ದೆಯಾದ ಟೆಂಪೋದ ನೆಲಕ್ಕೆ ಮನೆಯ ಹಾಸಿಗೆ ಬಂತು. ಚಂದನಾಳನ್ನು ಅದರ ಮೇಲೆ ಮಲಗಿಸಿ ಅಮಿತಾ, ಗೋದಾವರಿ ಹತ್ತಿದರು, ಕಾಶಿ ಕೇರಿಯಲ್ಲೇ ಉಳಿದಳು.

ಹೆದ್ದಾರಿಗೆ ಬಿದ್ದಮೇಲೆ ಟೆಂಪೋ ಕಾರವಾರದ ಕಡೆ ಓಡಿತು. ಅವರ್ಸಾ ದಾಟಿತು, ಹಾರವಾಡ ದಾಟಿತು. ಅಮಿತಾ ಚಂದನಾಳ ನಾಡಿ ಬಿಡಲಿಲ್ಲ. ಗೋದಾವರಿ ಆ ಕಡೆ ಕೂತು ಸೊಸೆಯ ಕಾಲನ್ನು ಎರಡೂ ಕೈಯಿಂದ ಹಿಡಿದಿದ್ದಳು, ಟೆಂಪೋ ಎಸೆದರೆ ಜಾರಬಾರದೆಂದು. ಅಮದಳ್ಳಿಯ ಹತ್ತಿರ ಚಂದನಾ ತನ್ನ ತವರಿನ ಕೊಂಕಣಿಯಲ್ಲಿ ಏನೋ ಹೇಳಲು ಹೋಗಿ ನಡುವೆಯೇ ನಿಲ್ಲಿಸಿದಳು. ಅವಳ ಕಣ್ಣುಗುಡ್ಡೆ ಮೇಲಕ್ಕೆ ಹೋದವು. ದವಡೆ ಕಚ್ಚಿಕೊಂಡಿತು, ಕೈಕಾಲು ಸೆಟೆದವು, ಆಮೇಲೆ ಮೈಯೆಲ್ಲ ಜಗ್ಗಿ ಜಗ್ಗಿ ಅಲುಗತೊಡಗಿತು.

ಎಡಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ, ತಲೆ ಹಿಡಿಯಿರಿ ಎಂದು ಅಮಿತಾ ತನ್ನ ಮನೆಮಾತಾದ ಕೊಂಕಣಿಯಲ್ಲೇ ಕೂಗಿದಳು. ಗೋದಾವರಿ ಹೇಳಿದ್ದಷ್ಟನ್ನೇ ಮಾಡಿದಳು. ಮುಂದಿನ ಸೀಟಿನಿಂದ ಮಾಸ್ತಿ ನಿಲ್ಲಿಸಲಾ ಎಂದು ಕೇಳಿದ. ನಿಲ್ಲಿಸಬೇಡ ಎಂದರು ಹಿಂದಿನಿಂದ ಇಬ್ಬರೂ ಒಟ್ಟಿಗೆ. ನೌಕಾನೆಲೆಯ ಲಾರಿಗಳ ಹಿಂದೆ ಟೆಂಪೋ ಆಮೆಯ ಹಾಗೆ ತೆವಳಿದಾಗ ಅವನು ಹಾರನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಫಿಟ್ಸ್ ನಿಂತಿತು. ಚಂದನಾ ಗೊರಗೊರ ಉಸಿರಾಡುತ್ತಿದ್ದಳು. ಉಸಿರಿದೆಯಲ್ಲ ಎಂದು ಗೋದಾವರಿ ಕೇಳಿದಳು. ಇದೆ ಎಂದಳು ಅಮಿತಾ. ಮತ್ತೆ ಸ್ವಲ್ಪ ದೂರ ಹೋದಮೇಲೆ ಗೋದಾವರಿ ಅದನ್ನೇ ಕೇಳಿದಳು. ಬಿಣಗಾ ದಾಟಿ ಕಡಲು ಕಾಣುವವರೆಗೆ ಅವಳು ಕೇಳುತ್ತಲೇ ಇದ್ದಳು, ಅಮಿತಾ ಉತ್ತರ ಕೊಡುತ್ತಲೇ ಇದ್ದಳು.

ಅಮಿತಾ ಮೊದಲೇ ಫೋನು ಮಾಡಿದ್ದರಿಂದ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಸಿದ್ಧವಾಗಿತ್ತು. ಹೆರಿಗೆ ವಾರ್ಡಿನ ಬಾಗಿಲ ತನಕ ಓಡಿ ಬಂದ ಗೋದಾವರಿ ಹೊಸ್ತಿಲ ಹತ್ತಿರ ತಟ್ಟನೆ ನಿಂತಳು. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ.  ಅಮಿತಾ ಹಿಂದಕ್ಕೆ ಬಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅಲ್ಲಿಯ ಡಾಕ್ಟರಿಗೆ, ಇವರು ಅತ್ತೆ, ಏನಿದ್ದರೂ ಇವರಿಗೆ ಹೇಳಿ ಎಂದಳು. ಆ ಡಾಕ್ಟರು ಅವಸರದಲ್ಲಿದ್ದರೂ ಒಂದು ನಿಮಿಷ ನಿಂತು ಹೇಳಿದರು. ಹೊಟ್ಟೆ ಕೊಯ್ದು ಮಗು ತೆಗೆಯದಿದ್ದರೆ ತಾಯಿ ಉಳಿಯುವುದಿಲ್ಲ. ತೆಗೆದರೆ ಮಗು ಉಳಿಯುತ್ತದೆ ಎಂದು ಹೇಳಲಾರೆ. ಗೋದಾವರಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆರಳು ಒತ್ತಿದಳು.

ಆಪರೇಷನ್ ನಡೆದಷ್ಟು ಹೊತ್ತು ಅಮಿತಾ ಒಳಗೂ ಹೊರಗೂ ಓಡಾಡಿದಳು. ಅರಿವಳಿಕೆ ಕೊಟ್ಟರು ಎಂದು ಬಂದು ಹೇಳಿದಳು. ಶುರು ಮಾಡಿದರು ಎಂದು ಹೇಳಿದಳು. ಒಮ್ಮೆ ಹೇಳುವಂಥದ್ದು ಏನೂ ಇರಲಿಲ್ಲ, ಆದರೂ ಬಂದು ಇನ್ನೂ ಏನೂ ಗೊತ್ತಿಲ್ಲ ಎಂದು ಹೇಳಿ ಹೋದಳು. ಮಗು ಹೆಣ್ಣು. ಬೊಗಸೆಯಲ್ಲಿ ಹಿಡಿಯುವಷ್ಟು ಸಣ್ಣದು. ಅತ್ತದ್ದು ಬೆಕ್ಕಿನ ಮರಿಯ ಹಾಗೆ ಕೇಳಿಸಿತು.

ಚಂದನಾ ಅಂದು ಕಣ್ಣು ಬಿಡಲಿಲ್ಲ. ಮರುದಿನ ದೋಣಿಯಿಂದ ಇಳಿದವನೇ ರೂಪೇಶ ಉಪ್ಪುಗಟ್ಟಿದ ಬಟ್ಟೆಯಲ್ಲೇ ಬಂದ. ಹಾಸಿಗೆಯ ಬದಿಗೆ ನಿಂತು ಹೆಂಡತಿಯ ಹೆಸರು ಹಿಡಿದು ಕರೆದ. ಅವಳು ಏಳಲಿಲ್ಲ. ಸಂಜೆಯ ಹೊತ್ತಿಗೆ ತಾನಾಗಿ ಕಣ್ಣು ತೆರೆದು ನೀರು ಕೇಳಿದಳು. ಅದುವರೆಗೆ ಒಂದು ಹನಿ ಕಣ್ಣೀರು ಹಾಕದ ಗೋದಾವರಿ ಕಾರಿಡಾರಿಗೆ ಬಂದು ನೆಲದ ಮೇಲೆ ಕುಸಿದು ಅತ್ತಳು. ಅಮಿತಾ ಪಕ್ಕದಲ್ಲಿ ಕೂತಳು.

ಅಳು ನಿಂತಮೇಲೆ ಅಮಿತಾ ಹೇಳಿದಳು, "ಮೊನ್ನೆಯೇ ನಿಮಗೆ ಹೇಳಬೇಕಾಗಿತ್ತು."

"ಹೇಳಿದ್ರೆ ನಾ ಕಳಿಸ್ತಿದ್ನಾ, ನಂಗೂ ಗೊತ್ತಿಲ್ಲ," ಎಂದಳು ಗೋದಾವರಿ ಮೂಗು ಒರೆಸಿಕೊಂಡು. "ಆದ್ರೆ ಹೇಳ್ಬೇಕಾಗಿತ್ತು."

ಮಗುವಿನ ಜೀವ ಮೂರು ವಾರ ಅತ್ತ ಇತ್ತ ತೂಗಿತು. ಚಂದನಾಳಿಗೆ ಶಕ್ತಿ ಬರುವವರೆಗೆ ಅದನ್ನು ಗೋದಾವರಿಯೇ ರವಿಕೆಯೊಳಗೆ ಎದೆಗೆ ಅಂಟಿಸಿಕೊಂಡು ಕೂರುತ್ತಿದ್ದಳು. ಅಲ್ಲಿಯ ನರ್ಸುಗಳು ಹಾಗೆ ಮಾಡಿ ಎಂದು ತೋರಿಸಿಕೊಟ್ಟಿದ್ದರು. ನಾಲ್ಕನೆಯ ವಾರ ಅದು ಮೈ ಹಿಡಿಯತೊಡಗಿತು.

ಅಮಿತಾ ತರಬೇತಿ ಕೊಟ್ಟವರಿಗೆ ನಡೆದದ್ದನ್ನು ತಿಳಿಸಿದಳು. ನಿಮ್ಮಲ್ಲಿ ಹೆಂಗಸು ಒಬ್ಬಳೇ ಬರುತ್ತಾಳೆ, ತಾನೇ ನಿರ್ಧರಿಸುತ್ತಾಳೆ, ಕರೆದರೆ ಗಾಡಿ ಬರುತ್ತದೆ. ಇಲ್ಲಿ ನಿರ್ಧಾರವೂ ಗಾಡಿಯೂ ಮನೆಯವರ ಕೈಯಲ್ಲಿ ಇವೆ, ಅವರನ್ನು ಹೊರಗೆ ಕೂರಿಸಿ ನಾನು ಒಬ್ಬಳನ್ನು ಸಾವಿನ ಬಾಯಿಗೆ ದೂಡಿದ್ದೆ ಎಂದು ಹೇಳಿದಳು. ಅವರು ಮರುಗಿದರು. ಆದರೆ ಗುಟ್ಟಿನ ನಿಯಮ ಸಡಿಲಿಸಿದರೆ ಸೊಸೆಯಂದಿರ ಬಾಯಿ ಮತ್ತೆ ಮುಚ್ಚೀತು, ಉಳಿದ ದೇಶಗಳ ಕೂಟಗಳ ಜೊತೆ ಇದನ್ನು ಹೋಲಿಸಲೂ ಆಗುವುದಿಲ್ಲ ಎಂದರು. ಮೊದಲನೆಯ ಮಾತು ನಿಜವೆಂದು ಅಮಿತಾಳಿಗೂ ಗೊತ್ತಿತ್ತು. ಹಾಗಾಗಿ ಅವಳು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಮೊದಲ ಅರ್ಧ ಸೊಸೆಯಂದಿರಿಗೆ ಮಾತ್ರ. ಆ ಹೊತ್ತಿನಲ್ಲಿ ಅತ್ತೆಯರಿಗೆ ವರಾಂಡದಲ್ಲಿ ಜಾನಕಿ ಬೇರೆ ಚಾಪೆ ಹಾಸುತ್ತಾಳೆ. ಅವರ ಬಿಪಿಯನ್ನೂ ನೋಡುತ್ತಾಳೆ, ನೋಡಿದರೆ ಅರ್ಧದಷ್ಟು ಅತ್ತೆಯರಿಗೇ ಬಿಪಿ ಹೆಚ್ಚಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ. ಕೊನೆಗೆ ಒಂದು ಹೊಸ ನಿಯಮ. ಮಾತು ಹೊರಗೆ ಹೋಗುವುದಿಲ್ಲ, ಆದರೆ ಜೀವಕ್ಕೆ ಅಪಾಯವೆಂದಾಗ ಯಾರಿಗೆ ಹೇಳಬೇಕೆಂದು ಪ್ರತಿಯೊಬ್ಬಳೂ ಮೊದಲೇ ಒಂದು ಹೆಸರು ಹೇಳಿಡಬೇಕು. ಆ ಹೆಸರು ಅತ್ತೆಯದೇ ಆಗಬೇಕೆಂದಿಲ್ಲ.

ಮುಂದಿನ ಕೂಟಕ್ಕೆ ಗೋದಾವರಿ ಒಬ್ಬಳೇ ಬಂದಳು. ಸೊಸೆಯೂ ಮಗುವೂ ಇನ್ನೂ ಕಾರವಾರದಲ್ಲೇ ಇದ್ದರು, ನೀವೇಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ದುಂಡಗೆ ಕೂತಮೇಲೆ ಹೆಸರು ಹೇಳುವುದು ಶುರುವಾಯಿತು. ದಿನ ತುಂಬಿದ ಕಾಶಿ ತನ್ನ ತಂಗಿಯ ಹೆಸರು ಹೇಳಿದಳು. ಎದುರಿಗೇ ಕೂತಿದ್ದ ಅವಳ ಅತ್ತೆಯ ಮುಖ ಸಣ್ಣದಾಯಿತು. ಕೂಟದಲ್ಲಿ ಇರುಸುಮುರುಸು ಹರಡಿತು, ಅಮಿತಾ ಅದನ್ನು ಅಳಿಸಲು ಹೋಗಲಿಲ್ಲ. ಇನ್ನೊಬ್ಬಳು ಅತ್ತೆಯನ್ನೇ ಹೇಳಿದಳು, ಮತ್ತೊಬ್ಬಳು ಪಕ್ಕದ ಮನೆಯವಳನ್ನು. ಪುಟ್ಟು ಎಂಬ ಹೊಸ ಹುಡುಗಿಯ ಸರದಿ ಬಂತು. ಘಟ್ಟದ ಮೇಲಿನವಳು. ಗಂಡ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ. ಪುಟ್ಟು ಚಾಪೆಯ ಅಂಚನ್ನು ಎಳೆದಳು. ಹೇಳೋಕೆ ನನಗಿಲ್ಲಿ ಯಾರೂ ಇಲ್ಲ ಎಂದಳು.

 ಅಮಿತಾ ತನ್ನ ಹೆಸರನ್ನೇ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಗೋದಾವರಿ ಕೂತಲ್ಲಿಂದಲೇ ಮುಂದಕ್ಕೆ ಬಾಗಿ, "ನಿನ್ನ ಮನೆ ಎಲ್ಲಿ ಅದೆ, ತಂಗಿ?" ಎಂದು ಕೇಳಿದಳು. ಪುಟ್ಟು ದಾರಿ ಹೇಳತೊಡಗಿದಳು. ರೈಲು ಹಳಿ ದಾಟಿ, ಹಳೆಯ ಶಾಲೆಯ ಹಿಂದೆ, ಎಡಕ್ಕೆ ತಿರುಗಿ. ಗೋದಾವರಿ ನಡುನಡುವೆ ತಡೆದು, ಟೆಂಪೋ ಅಲ್ಲಿಯವರೆಗೆ ಬರುತ್ತದೆಯೇ, ರಸ್ತೆ ಎಷ್ಟು ಅಗಲ ಎಂದು ಕೇಳುತ್ತ ಹೋದಳು.